ಚಳಿ ಬಲಿಯುವ ಮುನ್ನ ಪೈಪುಗಳ ಕಡೆಗೊಮ್ಮೆ ನೋಡಿ

ಚಳಿಗೆ ಪೈಪು ಒಡೆದುಕೊಂಡ ಮನೆಯವರು ತಪ್ಪದೆ ಆಡುವ ಮಾತೊಂದಿದೆ: ಒಡೆದ ಜಾಗ ಅಷ್ಟೇನೂ ತಣ್ಣಗಿರಲಿಲ್ಲವಲ್ಲ! ಅವರ ಮಾತು ಸುಳ್ಳಲ್ಲ. ನೀರು ಹೆಪ್ಪುಗಟ್ಟುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಎಲ್ಲೋ ಒಂದು ಮೂಲೆಯಲ್ಲಿ ಕಟ್ಟಿದ ಗಡ್ಡೆ ಪೈಪಿನ ಉದ್ದಕ್ಕೂ ಬೆಳೆಯುತ್ತಾ ಬಂದಂತೆ, ಅದಕ್ಕೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಬಿದ್ದ ನೀರಿಗೆ ಎತ್ತ ಹೋಗಲೂ ದಾರಿ ಇರುವುದಿಲ್ಲ. ನೀರನ್ನು ಅದುಮಿ ಚಿಕ್ಕದು ಮಾಡುವುದು ಆಗದ ಕೆಲಸ. ಹಾಗಾಗಿ ಸೋಲುವುದು ಪೈಪೇ. ಗಡ್ಡೆ ಕಟ್ಟಿದ್ದು ಹೊರಗೋಡೆಯ ಬಳಿಯಾದರೂ ಒಡೆದದ್ದು ನಾಲ್ಕು ಅಡಿ ಆಚೆ, ಬೆಚ್ಚಗಿನ ಕೋಣೆಯ ಪಕ್ಕದಲ್ಲಿ. ಈ ಒಂದು ಸಂಗತಿ ತಲೆಗೆ ಹೋದರೆ ಮುಂದಿನದೆಲ್ಲ ತಾನಾಗಿಯೇ ಅರ್ಥವಾಗುತ್ತದೆ. ಪೈಪಿನಲ್ಲಿರುವ ನೀರನ್ನು ಬೆಚ್ಚಗಿಡಬೇಕು, ಅದಾಗದಿದ್ದರೆ ಹೊರಗೆ ಹೋಗಲು ದಾರಿ ಬಿಡಬೇಕು, ಅದೂ ಆಗದಿದ್ದರೆ ನೀರನ್ನೇ ಖಾಲಿ ಮಾಡಬೇಕು.

ಚಳಿಗಾಲ ಶುರುವಾಗುವ ಮೊದಲೇ ಕೈಯಲ್ಲಿ ಟಾರ್ಚ್ ಹಿಡಿದು ಮನೆಯನ್ನು ಒಂದು ಸುತ್ತು ಹಾಕಿ. ಮೀಟರಿನಿಂದ ಹೊರಟು ಕೊನೆಯ ನಲ್ಲಿಯವರೆಗೆ ಪೈಪು ಯಾವ ದಾರಿಯಲ್ಲಿ ಹೋಗುತ್ತದೆ ಎಂದು ನೋಡುತ್ತಾ ಬನ್ನಿ. ಹೊರಗೋಡೆಗೆ ಅಂಟಿಕೊಂಡದ್ದು, ಛಾವಣಿಯ ಕೆಳಗಿನ ಅಟ್ಟದಲ್ಲಿ ಹಾದುಹೋಗುವುದು, ನೆಲದಡಿಯ ಟೊಳ್ಳು ಜಾಗದಲ್ಲಿರುವುದು, ವಾಹನ ನಿಲ್ಲಿಸುವ ಶೆಡ್ಡಿನಲ್ಲಿರುವುದು, ಇವೆಲ್ಲ ಅಪಾಯದ ಜಾಗಗಳು. ಉಷ್ಣಾಂಶ ಶೂನ್ಯ ಮುಟ್ಟಿದ ಕೂಡಲೇ ಪೈಪು ಕಟ್ಟಿಕೊಳ್ಳುವುದಿಲ್ಲ. ಹೊರಗೆ ಸುಮಾರು ಮೈನಸ್ 6 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದು ಕೆಲವು ಗಂಟೆ ಹಾಗೆಯೇ ಇದ್ದಾಗ ಹೊದಿಕೆಯಿಲ್ಲದ ಪೈಪುಗಳಿಗೆ ಕುತ್ತು ಬರುತ್ತದೆ. ಆದರೆ ಈ ಲೆಕ್ಕ ಗಾಳಿಯಾಡದ ಜಾಗಕ್ಕೆ ಮಾತ್ರ. ಗೋಡೆಯಲ್ಲಿ ಬೆರಳು ತೂರುವಷ್ಟು ಕಂಡಿಯಿದ್ದು, ಅದರಿಂದ ಬರುವ ಗಾಳಿ ನೇರವಾಗಿ ಪೈಪಿಗೆ ಬಡಿಯುತ್ತಿದ್ದರೆ ಅದಕ್ಕಿಂತ ಕಡಿಮೆ ಚಳಿಗೇ ಆ ತುಂಡು ಗಟ್ಟಿಯಾಗುತ್ತದೆ. ಆದ್ದರಿಂದ ಹೊದಿಕೆ ಕೊಳ್ಳಲು ಓಡುವ ಮೊದಲು ಕಂಡಿ ಮುಚ್ಚಿ. ಟಿವಿ ಕೇಬಲ್ಲು, ಎ.ಸಿ. ಕೊಳವೆ, ನೀರಿನ ಪೈಪು ಗೋಡೆ ದಾಟುವ ಕಡೆಗಳಲ್ಲಿ ಕೆಲಸದವರು ದೊಡ್ಡ ರಂಧ್ರ ಕೊರೆದು ಹಾಗೆಯೇ ಬಿಟ್ಟುಹೋಗಿರುತ್ತಾರೆ. ಗಾಳಿ ಬೀಸುವ ದಿನ ಒದ್ದೆ ಕೈಯನ್ನು ಅಲ್ಲಿ ಹಿಡಿದರೆ ಸಾಕು, ಎಲ್ಲಿಂದ ಗಾಳಿ ನುಗ್ಗುತ್ತಿದೆ ಎಂದು ತಿಳಿಯುತ್ತದೆ.

ಈ ಸುತ್ತಾಟದಲ್ಲಿ ಮುಖ್ಯ ವಾಲ್ವ್ ಎಲ್ಲಿದೆ ಎಂಬುದನ್ನು ಖಚಿತ ಮಾಡಿಕೊಳ್ಳಿ, ಮನೆಯ ಮಕ್ಕಳಿಗೂ ತೋರಿಸಿಡಿ. ಪೈಪು ಒಡೆದ ಗಳಿಗೆಯಲ್ಲಿ ಅದನ್ನು ಹುಡುಕುತ್ತಾ ಓಡಾಡುವ ಹೊತ್ತಿಗೆ ಒಂದು ಕೋಣೆ ತುಂಬಾ ನೀರಾಗಿರುತ್ತದೆ. ತೋರಿಸಿದರಷ್ಟೇ ಸಾಲದು, ತಿರುಗಿಸಿ ನೋಡಬೇಕು. ಹಿಡಿಯನ್ನು ಕಾಲು ಸುತ್ತು ತಿರುಗಿಸಿದರೆ ಮುಚ್ಚಿಕೊಳ್ಳುವ ಬಾಲ್ ವಾಲ್ವ್ ಆದರೆ ತಾಪತ್ರಯ ಕಡಿಮೆ. ಚಕ್ರದ ಹಿಡಿಯ ಹಳೆಯ ಗೇಟ್ ವಾಲ್ವ್ ಮಾತ್ರ ವರ್ಷಗಟ್ಟಲೆ ಮುಟ್ಟದಿದ್ದರೆ ಒಳಗೆ ಸುಣ್ಣ, ತುಕ್ಕು ಕಟ್ಟಿ ಬಿಗಿದುಕೊಂಡಿರುತ್ತದೆ. ಅದಕ್ಕೆ ಸ್ಪ್ಯಾನರ್ ಹಾಕಿ ಶೌರ್ಯ ತೋರಿಸಬೇಡಿ. ಒಳಗಿನ ಕಡ್ಡಿ ಮುರಿದರೆ ಮುಚ್ಚಲೂ ಆಗದು, ತೆರೆಯಲೂ ಆಗದು. ಬರಿಗೈಯಲ್ಲಿ ಮುಚ್ಚುವ ಕಡೆಗೆ ಸ್ವಲ್ಪ, ಮತ್ತೆ ಹಿಂದಕ್ಕೆ ಸ್ವಲ್ಪ, ಹೀಗೆ ಅತ್ತಿತ್ತ ಆಡಿಸುತ್ತಾ ಹೋದರೆ ನಿಧಾನವಾಗಿ ಸಡಿಲಗೊಳ್ಳುತ್ತದೆ. ಆಡಿಸಿದ ಮೇಲೆ ಕಡ್ಡಿಯ ಬುಡದಲ್ಲಿ ಹನಿ ಜಿನುಗಿದರೆ ಗಾಬರಿ ಬೇಡ. ಅಲ್ಲಿರುವ ನಟ್ಟನ್ನು ಕೂದಲೆಳೆಯಷ್ಟು ಬಿಗಿ ಮಾಡಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಕೊನೆಗೆ ಪೂರ್ತಿ ತೆರೆದು, ಒಂದಿಷ್ಟು ಹಿಂದಕ್ಕೆ ತಿರುಗಿಸಿ ಬಿಡಿ. ಮುಂದಿನ ಸಲ ಅಷ್ಟು ಬಿಗಿಯಾಗಿರುವುದಿಲ್ಲ. ಇಷ್ಟಾದರೂ ಕದಲದಿದ್ದರೆ ಪ್ಲಂಬರನ್ನು ಕರೆಸಿ ಬದಲಾಯಿಸಿ. ಚಳಿಗಾಲದ ತಯಾರಿಯಲ್ಲಿ ಹಣ ಖರ್ಚು ಮಾಡಲೇಬೇಕಾದ ಜಾಗ ಒಂದಿದ್ದರೆ ಅದು ಇದೇ ಎಂಬುದು ನನ್ನ ಅಭಿಪ್ರಾಯ.

ಇನ್ನು ಹೊರಗಿನ ನಲ್ಲಿಗಳು. ಗಿಡಗಳಿಗೆ ನೀರುಣಿಸುವ ರಬ್ಬರ್ ಕೊಳವೆಯನ್ನು ಕಳಚಿ, ನೀರು ಬಸಿದು, ಸುತ್ತಿ ಒಳಗಿಡಿ. ಒಳಗಡೆ ಆ ಸಾಲಿಗೆ ಪ್ರತ್ಯೇಕ ವಾಲ್ವ್ ಇದ್ದರೆ ಅದನ್ನು ಮುಚ್ಚಿ, ಹೊರಗಿನ ನಲ್ಲಿಯನ್ನು ತೆರೆದಿಟ್ಟು ಉಳಿದ ನೀರನ್ನು ಬಸಿಯಲು ಬಿಡಿ, ವಸಂತದವರೆಗೂ ಆ ನಲ್ಲಿ ಹಾಗೆಯೇ ತೆರೆದಿರಲಿ. ಚಳಿ ಪ್ರದೇಶಗಳಿಗೆಂದೇ ಮಾಡಿದ ಉದ್ದ ಕಾಂಡದ ನಲ್ಲಿಗಳಿವೆ. ಅವುಗಳಲ್ಲಿ ಹಿಡಿ ಹೊರಗಿದ್ದರೂ ನೀರನ್ನು ತಡೆಯುವ ವಾಷರ್ ಗೋಡೆಯ ಒಳಭಾಗದಲ್ಲಿ ಬೆಚ್ಚಗಿರುತ್ತದೆ. ನಲ್ಲಿ ಮುಚ್ಚಿದಾಗ ಕಾಂಡದಲ್ಲಿ ಉಳಿದ ನೀರು ತಾನಾಗಿ ಹೊರಗೆ ಇಳಿದುಹೋಗಬೇಕು. ಇಂಥ ನಲ್ಲಿ ಇದೆಯೆಂದು ನೆಮ್ಮದಿಯಿಂದ ರಬ್ಬರ್ ಕೊಳವೆಯನ್ನು ಕಳಚದೆ ಬಿಡುವವರೇ ಹೆಚ್ಚು. ಕೊಳವೆ ಸಿಕ್ಕಿಸಿದ್ದರೆ ನೀರು ಇಳಿಯುವುದಿಲ್ಲ, ಕಾಂಡ ಗೋಡೆಯೊಳಗೇ ಬಿರಿಯುತ್ತದೆ. ಬಿರುಕು ಬಿಟ್ಟದ್ದು ಆಗ ಗೊತ್ತಾಗುವುದೂ ಇಲ್ಲ. ಬೇಸಿಗೆಗೆ ಮೊದಲ ಸಲ ನಲ್ಲಿ ತೆರೆದಾಗ ಗೋಡೆಯೊಳಗೆ ನೀರು ಹರಿಯುತ್ತದೆ. ಹೊರಗಿಟ್ಟ ಮೋಟಾರಿನ ಪಂಪಿಗೂ ಇದೇ ನ್ಯಾಯ. ಅದರ ಬೀಡುಕಬ್ಬಿಣದ ಒಡಲಲ್ಲಿ ನೀರು ನಿಂತು ಹೆಪ್ಪುಗಟ್ಟಿದರೆ ಬಿರುಕು ಖಂಡಿತ. ಕೆಳಗೊಂದು ಬಸಿಯುವ ಬಿರಡೆ ಇರುತ್ತದೆ, ಅದನ್ನು ಬಿಚ್ಚಿ ಖಾಲಿ ಮಾಡಿ. ಮತ್ತೆ ಚಾಲೂ ಮಾಡುವಾಗ ನೀರು ತುಂಬದೆ ಸ್ವಿಚ್ ಒತ್ತಬೇಡಿ.

ಪೈಪಿಗೆ ಹೊದಿಸುವ ಫೋಮ್ ಕವಚದ ಬಗ್ಗೆ ಅನೇಕರಿಗೆ ಅತಿಯಾದ ಭರವಸೆ. ಕಲ್ಲಿಗೆ ಕಂಬಳಿ ಹೊದಿಸಿದರೆ ಕಲ್ಲು ಬೆಚ್ಚಗಾಗುವುದಿಲ್ಲ. ಕವಚವೂ ಶಾಖ ಹುಟ್ಟಿಸುವುದಿಲ್ಲ, ಇರುವ ಶಾಖ ಬೇಗ ಹೋಗದಂತೆ ತಡೆಯುತ್ತದೆ ಅಷ್ಟೆ. ಒಂದು ರಾತ್ರಿಯ ಚಳಿಯನ್ನು ದಾಟಿಸಲು ಅದು ಸಾಕು, ವಾರಗಟ್ಟಲೆ ಶೂನ್ಯದ ಕೆಳಗಿರುವ ಜಾಗಕ್ಕೆ ಸಾಲದು. ಪೈಪಿನ ಹೊರ ಅಳತೆಗೆ ಸರಿಯಾಗಿ ಕೂರುವ ಕವಚವನ್ನೇ ತನ್ನಿ. ಸಡಿಲವಾದರೆ ನಡುವೆ ಗಾಳಿ ಓಡಾಡುತ್ತದೆ. ಉದ್ದಕ್ಕೆ ಸೀಳಿರುವ ಕಡೆ ಕೆಳಮುಖವಾಗಿರಲಿ, ಆ ಸೀಳಿಗೂ ಎರಡು ತುಂಡುಗಳು ಸೇರುವ ಕಡೆಗೂ ಟೇಪ್ ಸುತ್ತಿ. ಎಡವಟ್ಟಾಗುವುದು ತಿರುವುಗಳಲ್ಲಿ. ನೇರ ಕವಚವನ್ನೇ ಎಲ್ಬೋ ಮೇಲೆ ಬಗ್ಗಿಸಿದರೆ ಹೊರಬದಿ ಬಾಯಿ ಬಿಡುತ್ತದೆ, ಎರಡು ಬೆರಳಗಲ ಪೈಪು ಬತ್ತಲೆ ಉಳಿಯುತ್ತದೆ, ಗಡ್ಡೆ ಕಟ್ಟಲು ಅಷ್ಟು ಸಾಕು. ಎರಡು ತುಂಡುಗಳನ್ನು 45 ಡಿಗ್ರಿ ಓರೆಯಾಗಿ ಕತ್ತರಿಸಿ, ಮೂಲೆಯಲ್ಲಿ ಒಂದಕ್ಕೊಂದು ಕೂಡಿಸಿ ಟೇಪ್ ಹಾಕಿ. ವಾಲ್ವಿನ ದೇಹಕ್ಕೂ ಸುತ್ತಿ, ಹಿಡಿ ಮಾತ್ರ ಹೊರಗಿರಲಿ. ಹೊರಗೋಡೆಯಲ್ಲಿ ಹುದುಗಿದ ಪೈಪಿಗೆ ಇನ್ನೊಂದು ಎಚ್ಚರಿಕೆ: ಹೊದಿಕೆ ಪೈಪಿಗೂ ಹೊರಗಿನ ಚಳಿಗೂ ನಡುವೆ ಇರಬೇಕು. ಪೈಪಿಗೂ ಕೋಣೆಗೂ ನಡುವೆ ತುಂಬಿದರೆ ಕೋಣೆಯ ಬಿಸಿಯನ್ನು ನೀವೇ ತಡೆದಂತಾಗುತ್ತದೆ.

ಪೈಪು ಯಾವುದರದ್ದು ಎಂಬುದೂ ಲೆಕ್ಕಕ್ಕೆ ಬರುತ್ತದೆ. ತಾಮ್ರ ಉದ್ದಕ್ಕೆ ಸೀಳುತ್ತದೆ. ಪಿವಿಸಿ ಚಳಿಯಲ್ಲಿ ಪೆಡಸಾಗಿ ಸಣ್ಣ ಪೆಟ್ಟಿಗೂ ಚೂರಾಗುತ್ತದೆ. ಪೆಕ್ಸ್ ಎಂಬ ಬಾಗುವ ಪ್ಲಾಸ್ಟಿಕ್ ಪೈಪು ಹಿಗ್ಗಿ ಮತ್ತೆ ತನ್ನ ಆಕಾರಕ್ಕೆ ಬರುವುದರಲ್ಲಿ ಉಳಿದವಕ್ಕಿಂತ ಮೇಲು, ಆದರೆ ಅದರ ಕೀಲುಗಳು ಹಾಗಲ್ಲ.

ಬಹಳ ಚಳಿಯ ಕಡೆ ಕವಚದ ಜೊತೆಗೆ ವಿದ್ಯುತ್ತಿನಿಂದ ಬಿಸಿಯಾಗುವ ತಂತಿ ಸುತ್ತುತ್ತಾರೆ. ಅದು ಒಳ್ಳೆಯ ಸಾಧನವೇ, ಆದರೆ ಬೆಂಕಿಗೆ ಕಾರಣವಾಗಬಲ್ಲದ್ದು. ಒಂದೇ ಸಮನೆ ಕಾಯುವ ಬಗೆಯ ತಂತಿಯನ್ನು ಒಂದರ ಮೇಲೊಂದು ಹಾಯಿಸಬಾರದು. ಹಾಯ್ದ ಜಾಗ ಅತಿಯಾಗಿ ಕಾದು ಸುಡುತ್ತದೆ. ಚಳಿಗೆ ತಕ್ಕಂತೆ ತಾನೇ ಏರಿಳಿಯುವ ಬಗೆ ದುಬಾರಿಯಾದರೂ ಮೇಲು. ಅದರ ಮೇಲೆ ಯಾವ ಹೊದಿಕೆ ಹಾಕಬಹುದು ಎಂಬ ಸೂಚನೆ ಪೊಟ್ಟಣದಲ್ಲೇ ಇರುತ್ತದೆ, ಅದನ್ನು ಮೀರಬೇಡಿ. ವಿದ್ಯುತ್ ನೆಲಕ್ಕೆ ಸೋರಿದೊಡನೆ ತಾನಾಗಿ ಕಡಿಯುವ ಸ್ವಿಚ್ಚಿನ ಮೂಲಕವೇ ಸಂಪರ್ಕ ಕೊಡಿಸಿ, ಪ್ರತಿ ವರ್ಷ ಹೊರಪದರ ಬಿರುಕು ಬಿಟ್ಟಿದೆಯೇ ಎಂದು ನೋಡಿ.

ಛಾವಣಿಯ ಮೇಲಿನ ಟ್ಯಾಂಕಿನಲ್ಲಿ ನೀರು ರಾಶಿಯಾಗಿರುವುದರಿಂದ ಅದು ಬೇಗ ಗಟ್ಟಿಯಾಗುವುದಿಲ್ಲ. ಮೊದಲು ಸೋಲುವುದು ಅದರಿಂದ ಇಳಿಯುವ ಸಣ್ಣ ಪೈಪು, ಆಮೇಲೆ ತೇಲುಗುಂಡಿನ ವಾಲ್ವ್. ಗುಂಡು ಮೇಲ್ಪದರದ ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡರೆ ನೀರು ಬರುವುದು ನಿಲ್ಲಬಹುದು, ಇಲ್ಲವೇ ನಿಲ್ಲದೆ ಬಂದು ತುಂಬಿ ಹರಿಯಬಹುದು. ಮುಚ್ಚಳ ಬಿಗಿಯಾಗಿರಲಿ. ಸೂರ್ಯಶಾಖದ ಹೀಟರಿನ ವಿಷಯದಲ್ಲಿ ಥರ್ಮಾಮೀಟರನ್ನು ಪೂರ್ತಿ ನಂಬಬೇಡಿ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಯಲ್ಲಿ ಚಪ್ಪಟೆ ಫಲಕ ತನ್ನ ಶಾಖವನ್ನು ತೆರೆದ ಆಕಾಶಕ್ಕೆ ಹೊರಸೂಸಿ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಗಾಳಿ ಎರಡು ಮೂರು ಡಿಗ್ರಿಯಲ್ಲಿದ್ದರೂ ಫಲಕದ ಸಣ್ಣ ತಾಮ್ರದ ಕೊಳವೆಗಳಲ್ಲಿ ಹೆಪ್ಪುಗಟ್ಟಬಹುದು. ಹೆಪ್ಪುಗಟ್ಟದ ದ್ರವ ಬಳಸುವ ವ್ಯವಸ್ಥೆಯಲ್ಲದಿದ್ದರೆ ಅಂಥ ರಾತ್ರಿಗಳು ಶುರುವಾಗುವ ಮೊದಲೇ ಫಲಕ ಖಾಲಿ ಮಾಡಿಸುವುದು ಕ್ಷೇಮ. ಗಾಜಿನ ನಿರ್ವಾತ ಕೊಳವೆಯ ಹೀಟರ್ ಇದಕ್ಕಿಂತ ತಾಳುತ್ತದೆ, ಆದರೆ ಅದಕ್ಕೆ ಬಂದುಹೋಗುವ ಪೈಪುಗಳಿಗೆ ಆ ವಿನಾಯಿತಿ ಇಲ್ಲ.

ಕಡು ಚಳಿಯ ರಾತ್ರಿ ಬಂದೇಬಿಟ್ಟಿತು ಎನ್ನಿ. ಹೊರಗೋಡೆಯ ಬದಿಗಿರುವ ಸಿಂಕಿನ ಕೆಳಗಿನ ಬಾಗಿಲುಗಳನ್ನು ತೆರೆದಿಟ್ಟರೆ ಕೋಣೆಯ ಬಿಸಿ ಒಳಗೆ ಹೋಗುತ್ತದೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಮೊದಲು ಅಲ್ಲಿನ ಆಸಿಡ್, ಸೋಪುಗಳನ್ನು ಬೇರೆಡೆಗೆ ಸಾಗಿಸಿ. ಮುಖ್ಯ ವಾಲ್ವಿನಿಂದ ಅತಿ ದೂರದ ನಲ್ಲಿಯನ್ನು ಸಣ್ಣ ಎಳೆಯಾಗಿ ಬಿಟ್ಟಿರಿ. ಬಿಸಿನೀರಿನ ಸಾಲೂ ಹೆಪ್ಪುಗಟ್ಟುತ್ತದೆ, ಆದ್ದರಿಂದ ಎರಡನ್ನೂ ಬಿಡಬೇಕು; ಒಂದೇ ಹಿಡಿಯ ನಲ್ಲಿಯಾದರೆ ಹಿಡಿ ನಡುವೆ ಇರಲಿ. ಇಷ್ಟು ಸಣ್ಣ ಧಾರೆ ಗಡ್ಡೆಯನ್ನು ಎಲ್ಲ ಸಲವೂ ತಡೆಯಲಾರದು ನಿಜ. ಆದರೆ ಗಡ್ಡೆ ಕಟ್ಟಿದರೂ ಅದರ ಮುಂದಿನ ನೀರಿಗೆ ನಲ್ಲಿಯ ಬಾಯಿ ತೆರೆದಿರುತ್ತದೆ, ಒತ್ತಡ ಏರುವುದಿಲ್ಲ, ಪೈಪು ಉಳಿಯುತ್ತದೆ. ಬಚ್ಚಲಿನ ನೀರು ಹೋಗುವ ಪೈಪು ಹೊರಗೆ ಬಯಲಾಗಿದ್ದರೆ ಧಾರೆಯ ಕೆಳಗೆ ಬಕೆಟ್ ಇಡಿ. ತೆಳ್ಳಗೆ ಹರಿಯುವ ನೀರು ಆ ಪೈಪಿನಲ್ಲಿ ಪದರಪದರವಾಗಿ ಗಟ್ಟಿಯಾಗಿ ಅದನ್ನೇ ಮುಚ್ಚಿಬಿಡುತ್ತದೆ.

ಕೆಲವು ದಿನ ಊರಿಗೆ ಹೋಗುವವರು ಉಳಿತಾಯವೆಂದು ಹೀಟರ್ ಪೂರ್ತಿ ಆರಿಸಿ ಹೋಗುವುದುಂಟು. ಮನೆಯೊಳಗೆ ಸುಮಾರು 13 ಡಿಗ್ರಿಯಾದರೂ ಇರುವಂತೆ ಬಿಟ್ಟು ಹೋಗಿ, ಮುಖ್ಯ ವಾಲ್ವ್ ಮುಚ್ಚಿ. ಇಡೀ ಚಳಿಗಾಲ ಮನೆ ಖಾಲಿ ಬೀಳುವುದಾದರೆ ನೀರನ್ನೇ ಹೊರಹಾಕಬೇಕು. ಮೊದಲು ಗೀಸರಿನ ವಿದ್ಯುತ್ ಕಡಿಯಿರಿ. ನೀರಿಲ್ಲದ ಗೀಸರ್ ಉರಿದರೆ ಅದರ ಕಾಯಿಲ್ ಸುಟ್ಟುಹೋಗುತ್ತದೆ. ಆಮೇಲೆ ಮುಖ್ಯ ವಾಲ್ವ್ ಮುಚ್ಚಿ, ಮೇಲಿನ ಮಹಡಿಯ ನಲ್ಲಿಗಳನ್ನು ತೆರೆದು, ಅತಿ ಕೆಳಗಿನ ನಲ್ಲಿಯಿಂದ ಬಸಿಯಿರಿ. ಮೇಲೆ ಗಾಳಿ ಒಳಗೆ ಬಾರದಿದ್ದರೆ ನೀರು ಕೆಳಗೆ ಇಳಿಯದು. ಗೀಸರನ್ನೂ ಅದರ ಬಸಿಯುವ ಬಾಯಿಂದ ಖಾಲಿ ಮಾಡಿ. ಕಮೋಡಿನ ತೊಟ್ಟಿಯನ್ನು ಒತ್ತಿ ಖಾಲಿ ಮಾಡಿ, ತಳದಲ್ಲಿ ಉಳಿದದ್ದನ್ನು ಸ್ಪಂಜಿನಿಂದ ಹೀರಿ. ಬಟ್ಟೆ ಒಗೆಯುವ ಯಂತ್ರ, ನೀರು ಶುದ್ಧಿ ಮಾಡುವ ಯಂತ್ರ ಎರಡನ್ನೂ ಮರೆಯಬೇಡಿ. ಇಷ್ಟಾದರೂ ಸಿಂಕಿನ ಕೆಳಗಿನ ಬಾಗಿದ ಕೊಳವೆಗಳಲ್ಲಿ ನೀರು ನಿಂತೇ ಇರುತ್ತದೆ. ಅದನ್ನು ತೆಗೆದು ಬರಿದಾಗಿ ಬಿಟ್ಟರೆ ಚರಂಡಿಯ ಗಾಳಿ ಮನೆಗೆ ನುಗ್ಗುತ್ತದೆ. ಆದ್ದರಿಂದ ಪ್ರೊಪಿಲೀನ್ ಗ್ಲೈಕಾಲ್ ಇರುವ ಕೊಳಾಯಿ ಬಳಕೆಯ ಹೆಪ್ಪುರೋಧಕವನ್ನು ಒಂದೊಂದರೊಳಗೂ ಸುರಿಯಬೇಕು. ಕಾರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ, ಅದನ್ನು ಇಲ್ಲಿಗೆ ತರಬೇಡಿ.

ಇಷ್ಟೆಲ್ಲ ಮಾಡಿಯೂ ಒಂದು ಬೆಳಿಗ್ಗೆ ನಲ್ಲಿ ಬರಿದಾಗಿ ನಿಂತರೆ, ಒಂದೇ ನಲ್ಲಿಯೋ ಇಡೀ ಮನೆಯೋ ನೋಡಿ. ಇಡೀ ಮನೆಯಲ್ಲೂ ಇಲ್ಲದಿದ್ದರೆ, ಹೊರಗಿನ ಸರಬರಾಜು ಸರಿಯಾಗಿದ್ದ ಪಕ್ಷದಲ್ಲಿ, ಮೀಟರಿನ ಬಳಿ ಅಥವಾ ಪೈಪು ಮನೆಯೊಳಗೆ ಬರುವ ಕಡೆ ಕಟ್ಟಿಕೊಂಡಿರುತ್ತದೆ. ಒಂದೇ ನಲ್ಲಿಯಾದರೆ ಅದರ ಪೈಪಿನ ಮೇಲೆ ಕೈಯಾಡಿಸುತ್ತಾ ಹೋಗಿ. ಹೊರಮೈಯಲ್ಲಿ ಬಿಳಿ ಹಿಮ ಹತ್ತಿದ, ಮುಟ್ಟಲಾಗದಷ್ಟು ತಣ್ಣಗಿರುವ ತುಂಡು ಸಿಗುತ್ತದೆ. ಉಬ್ಬಿದ್ದರೆ ಅಥವಾ ಸೀಳು ಕಂಡರೆ ಮುಖ್ಯ ವಾಲ್ವ್ ಮುಚ್ಚಿ ಪ್ಲಂಬರಿಗೆ ಹೇಳಿಕಳುಹಿಸಿ. ಗಟ್ಟಿಮುಟ್ಟಾಗಿದ್ದರೆ ನಲ್ಲಿ ತೆರೆದಿಟ್ಟು, ಹೇರ್ ಡ್ರೈಯರ್ ಹಿಡಿದು ನಲ್ಲಿಯ ಕಡೆಯಿಂದ ಹಿಂದಕ್ಕೆ ಸರಿಯುತ್ತಾ ಕಾಯಿಸಿ. ನಡುವೆ ಕಾಯಿಸಿದರೆ ಕರಗಿದ ನೀರು, ಹಬೆ ಎರಡು ಗಡ್ಡೆಗಳ ಮಧ್ಯೆ ಸಿಕ್ಕಿಬಿದ್ದು ಪೈಪು ಒಡೆಯುತ್ತದೆ. ನೆಲದಲ್ಲಿ ನೀರು ನಿಂತಿದ್ದರೆ ಡ್ರೈಯರ್ ಮುಟ್ಟಬೇಡಿ, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಸುತ್ತಿ, ತಣ್ಣಗಾದಂತೆ ಬದಲಾಯಿಸಿ. ಬೆಂಕಿಯ ಪಂಜು, ಗ್ಯಾಸ್ ಟಾರ್ಚ್ ಹಿಡಿಯುವ ಧೈರ್ಯಶಾಲಿಗಳು ಎಲ್ಲ ಕಡೆಯೂ ಇದ್ದಾರೆ. ಗೋಡೆಯೊಳಗಿನ ಮರಕ್ಕೆ ಕಿಡಿ ಹತ್ತಿದ್ದು ಅವರಿಗೆ ತಡವಾಗಿ ತಿಳಿಯುತ್ತದೆ.

ನೀರು ಮೊದಲು ಹನಿಯಾಗಿ, ಬಳಿಕ ಉಗುಳುತ್ತಾ, ಕೊನೆಗೆ ಧಾರೆಯಾಗಿ ಬರುತ್ತದೆ. ಪೂರ್ತಿ ಧಾರೆ ಬರುವವರೆಗೂ ಕಾಯಿಸುವುದನ್ನು ನಿಲ್ಲಿಸಬೇಡಿ. ಗಡ್ಡೆಯೇ ಬಿರುಕಿಗೆ ಬಿರಡೆಯಾಗಿ ಕುಳಿತಿರುವುದುಂಟು, ಹಾಗಾಗಿ ಸೋರಿಕೆ ಕಾಣುವುದು ಕರಗಿದ ಮೇಲೆಯೇ. ಎಲ್ಲ ನಲ್ಲಿಗಳನ್ನೂ ಮುಚ್ಚಿ, ಮೀಟರಿನ ಅಂಕಿ ಬರೆದಿಟ್ಟುಕೊಂಡು, ಒಂದು ಗಂಟೆ ಯಾರೂ ನೀರು ಮುಟ್ಟದೆ ಇದ್ದು ಮತ್ತೆ ನೋಡಿ. ಅಂಕಿ ಒಂದಿಷ್ಟಾದರೂ ಮುಂದೆ ಹೋಗಿದ್ದರೆ ಮುಖ್ಯ ವಾಲ್ವ್ ಮುಚ್ಚಿಬಿಡಿ, ಪ್ಲಂಬರ್ ಬಂದು ಸೋರುವ ಕಡೆ ಹಿಡಿಯುವ ತನಕ ಅದು ಹಾಗೆಯೇ ಇರಲಿ.