ಹಳೇ ಬೆಕ್ಕಿರುವ ಮನೆಗೆ ಹೊಸ ಮರಿ ತರುವಾಗ

ಮಂಡಕ್ಕಿ, ಮೆಕ್ಕೆಜೋಳದ ಚೀಲ ಇಟ್ಟ ಕಡೆ ಇಲಿ ತಪ್ಪಿದ್ದಲ್ಲ. ಹಾಗಾಗಿ ದಾವಣಗೆರೆಯ ಎಷ್ಟೋ ಮನೆ, ಅಂಗಡಿಗಳಲ್ಲಿ ಒಂದು ಬೆಕ್ಕು ಇದ್ದೇ ಇರುತ್ತದೆ. ಅದಕ್ಕೆ ಜೊತೆಯಾಗಲಿ ಅಂತ ಮರಿ ತಂದು ನಡುಮನೆಯಲ್ಲಿ ಬಿಟ್ಟು, "ಎರಡು ದಿನ ಕಚ್ಚಾಡ್ತಾವೆ, ಆಮೇಲೆ ತಾವೇ ಹೊಂದ್ಕೊಂತಾವೆ ಬಿಡ್ರಿ" ಅನ್ನುವುದು ರೂಢಿ. ಕೆಲವು ಹೊಂದಿಕೊಳ್ಳುತ್ತವೆ ಕೂಡ. ಆದರೆ ಮೊದಲ ದಿನವೇ ಉಗುರು ಬಿದ್ದರೆ ಆ ಹಗೆ ತಿಂಗಳುಗಟ್ಟಲೆ ಆರುವುದಿಲ್ಲ. ನಾವು ಇದನ್ನು ಹೊಟ್ಟೆಕಿಚ್ಚು ಅನ್ನುತ್ತೇವೆ. ಬೆಕ್ಕಿನ ತಕರಾರು ಜಾಗದ್ದು. ಬಾಗಿಲ ಚೌಕಟ್ಟು, ಮಂಚದ ಕಾಲು, ಅಕ್ಕಿ ಡಬ್ಬ, ಎಲ್ಲಕ್ಕೂ ಕೆನ್ನೆ ಉಜ್ಜಿ ತನ್ನ ವಾಸನೆ ಹಚ್ಚಿಟ್ಟಿರುತ್ತದೆ. ಅಲ್ಲಿ ಪರರ ವಾಸನೆ ಬಂದರೆ ಅದಕ್ಕೆ ಮನೆಯೇ ಕೈತಪ್ಪಿದ ಹಾಗೆ. ಆದ್ದರಿಂದ ಮೊದಲು ವಾಸನೆ, ಆಮೇಲೆ ನೋಟ, ಎದುರುಬದುರು ಬಿಡುವುದು ಕೊನೆಗೆ.

ಮರಿಗೆ 8 ವಾರ ತುಂಬುವ ತನಕ ತಾಯಿಯಿಂದ ಬೇರೆ ಮಾಡಬೇಡಿ. ತಂದ ಕೂಡಲೇ ಪಶುವೈದ್ಯರಿಗೆ ತೋರಿಸಿ ಜಂತುಹುಳುವಿನ ಔಷಧಿ, ಲಸಿಕೆ ಶುರು ಮಾಡಿಸಿ. ಹಳೇ ಬೆಕ್ಕಿನ ಲಸಿಕೆ ಬಾಕಿ ಇದ್ದರೆ ಮರಿ ತರುವ ಮೊದಲೇ ಮುಗಿಸಿ. ಬೀದಿಯಿಂದ ಬಂದ ಮರಿಯಾದರೆ ಎರಡು ವಾರ ಬೇರೆ ಕೋಣೆ ಕಡ್ಡಾಯ. ಪ್ಯಾನ್‌ಲ್ಯುಕೋಪೀನಿಯಾ ಅನ್ನುವ ವಾಂತಿಭೇದಿ ರೋಗ ನಿಮ್ಮ ಕೈ, ಚಪ್ಪಲಿಗೆ ಅಂಟಿಕೊಂಡೂ ಹೋಗುತ್ತದೆ. ಮರಿ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಹಳೆಯದನ್ನು ಮುಟ್ಟಬೇಡಿ. ನೆಲಕ್ಕೆ ಫಿನಾಯಿಲ್ ಬೇಡವೇ ಬೇಡ. ಅದು ಪಾದಕ್ಕೆ ಹತ್ತಿ, ನೆಕ್ಕಿದಾಗ ಹೊಟ್ಟೆಗೆ ಹೋದರೆ ಬೆಕ್ಕಿಗೆ ವಿಷ.

ಮರಿಯ ಕೋಣೆ ಹಳೇ ಬೆಕ್ಕು ಮಲಗುವ ಕೋಣೆ ಆಗಿರಬಾರದು. ಬೇಸಿಗೆಯಲ್ಲಿ ತಗಡಿನ ಮಾಡಿನ ಕೋಣೆಯೂ ಬೇಡ. ಏಪ್ರಿಲ್ ಬಿಸಿಲಿಗೆ ಅದು ಕಾದ ಹೆಂಚು. ದೇವರಕೋಣೆ ತಂಪಾಗಿರುತ್ತದೆ ನಿಜ, ಆದರೆ ಮನೆಯ ಅಜ್ಜಿ ಒಪ್ಪಬೇಕಲ್ಲ. ಕೋಣೆಯಲ್ಲಿ ನೀರು, ಊಟದ ತಟ್ಟೆ, ಒಳಗೆ ಹೊಕ್ಕು ಕೂರಲು ಒಂದು ರಟ್ಟಿನ ಡಬ್ಬ ಇಡಿ. ಮಲಕ್ಕೆ ಎರಡು ಇಂಚು ಮರಳು ಹಾಕಿದ ತಗ್ಗು ಟ್ರೇ ಸಾಕು. ಅಂಚು ಮೂರು ಇಂಚಿಗಿಂತ ಎತ್ತರವಿದ್ದರೆ ಪುಟ್ಟ ಮರಿ ಹತ್ತಲಾರದೆ ಪಕ್ಕದಲ್ಲೇ ಮಾಡಿಬಿಡುತ್ತದೆ. ದೊಡ್ಡದಕ್ಕೆ ಸಿಮೆಂಟ್ ಕಲಸುವ ಹೊಸ ಬಾಂಡ್ಲಿ ಚೆನ್ನಾಗಿ ಒಗ್ಗುತ್ತದೆ. ಎರಡು ಬೆಕ್ಕಿಗೆ ಮೂರು ಟ್ರೇ ಬೇಕು, ಅವೂ ಬೇರೆ ಬೇರೆ ಮೂಲೆಯಲ್ಲಿ. ಒಂದೇ ಕಡೆ ಸಾಲಾಗಿಟ್ಟರೆ ಹಳೇ ಬೆಕ್ಕು ದಾರಿಗೆ ಅಡ್ಡ ಕೂತು ಮೂರಕ್ಕೂ ಕಾವಲು ಹಾಕುತ್ತದೆ. ಮರಿ ಹಾಸಿಗೆ ಒದ್ದೆ ಮಾಡುತ್ತದೆ.

ವಾಸನೆ ಪರಿಚಯಕ್ಕೆ ಹಳೇ ಹತ್ತಿಬಟ್ಟೆ ತಗೊಂಡು ಮರಿಯ ಕೆನ್ನೆ, ಕಿವಿಬುಡ ಮೆಲ್ಲಗೆ ಉಜ್ಜಿ. ಅದನ್ನು ದೊಡ್ಡದರ ತಟ್ಟೆಯಿಂದ ಮೂರು ಅಡಿ ದೂರ ಹಾಕಿ. ತಟ್ಟೆಯ ಕೆಳಗೆ ಇಟ್ಟರೆ ಊಟವನ್ನೇ ಬಿಟ್ಟೀತು. ಮೂಸಿ ನೋಡಿ ತನ್ನ ಪಾಡಿಗೆ ತಿಂದರೆ ಮರುದಿನ ಅರ್ಧ ಅಡಿ ಹತ್ತಿರ. ಬುಸ್ ಅಂದರೆ ಒಂದು ಅಡಿ ಹಿಂದಕ್ಕೆ. ಹೀಗೇ ದೊಡ್ಡದರ ಬಟ್ಟೆ ಮರಿಯ ಕೋಣೆಗೆ. ಬಟ್ಟೆಗೆ ಬುಸುಗುಡುವುದು ನಿಂತ ಮೇಲೆ ಮುಚ್ಚಿದ ಬಾಗಿಲಿನ ಎರಡೂ ಕಡೆ, ಐದೈದು ಅಡಿ ದೂರದಲ್ಲಿ, ಒಂದೇ ಹೊತ್ತಿಗೆ ಊಟ ಹಾಕಿ. ಪ್ರತಿ ಊಟಕ್ಕೂ ತಟ್ಟೆ ಅರ್ಧ ಅಡಿ ಸರಿಸುತ್ತಾ ಬನ್ನಿ. ಕಿವಿ ಹಿಂದಕ್ಕೆ ಒತ್ತಿ, ತಿನ್ನುವುದು ಬಿಟ್ಟು ಬಾಗಿಲನ್ನೇ ದಿಟ್ಟಿಸಿದರೆ ಹಿಂದಿನ ದೂರಕ್ಕೇ ಹೋಗಿ. ಇದಕ್ಕೆ ಕೆಲವಕ್ಕೆ ವಾರ ಸಾಕು, ಹತ್ತು ವರ್ಷದ ಒಂಟಿ ಬೆಕ್ಕಿಗೆ ತಿಂಗಳೂ ಆದೀತು.

ನೋಟಕ್ಕೆ ಸೊಳ್ಳೆಜಾಲರಿಯ ಬಾಗಿಲಿದ್ದರೆ ಅನುಕೂಲ. ಆದರೆ ನೈಲಾನ್ ಜಾಲರಿ ಒಂದೇ ಉಗುರಿಗೆ ಸೀಳುತ್ತದೆ, ಕಬ್ಬಿಣದ್ದಿರಲಿ. ಮೊದಲ ದಿನ ಕೆಳಗಿನ ಭಾಗಕ್ಕೆ ಬಟ್ಟೆ ಕಟ್ಟಿ, ಒಂದು ಅಂಗೈಯಷ್ಟು ಮಾತ್ರ ಕಾಣುವಂತೆ ಬಿಡಿ.

ಎದುರುಬದುರು ಬಿಡುವ ಮುಂಚೆ ಮರಿಯನ್ನು ಹದಿನೈದು ನಿಮಿಷ ದಾರದ ತುದಿಗೆ ಓಡಿಸಿ ದಣಿಸಿ. ಪುಟಿಯುವ ಮರಿ ಹಳೆಯದರ ಬಾಲಕ್ಕೇ ಹಾರುತ್ತದೆ. ಮರಿಯನ್ನು ಎತ್ತಿಕೊಂಡು ಹೋಗಿ ಅದರ ಮುಖಕ್ಕೆ ಹಿಡಿಯಬೇಡಿ: ಓಡಲು ದಾರಿ ಇಲ್ಲದೆ ನಿಮ್ಮ ಮುಖವನ್ನೇ ಪರಚೀತು. ಮೊದಲ ಸಲ ಐದು ನಿಮಿಷ ಸಾಕು. ಬುಸ್ ಅನ್ನುವುದು, ಉಗುರು ತೆಗೆಯದೆ ಒಂದು ಏಟು ಕೊಡುವುದು ಗದರಿಕೆ ಅಷ್ಟೆ. ಮಧ್ಯೆ ಬಾಯಿ ಹಾಕಬೇಡಿ. ಹೆದರಬೇಕಾದದ್ದು ಸದ್ದಿಲ್ಲದ ದಿಟ್ಟ ನೋಟಕ್ಕೆ, ನೆಲಕ್ಕೆ ಅಂಟಿದ ಮೈಗೆ, ಮಂಚದಡಿವರೆಗೂ ಅಟ್ಟುವುದಕ್ಕೆ. ಆಗ ದೊಡ್ಡ ರಟ್ಟಿನ ಹಾಳೆ ಅಡ್ಡ ಹಿಡಿದು ಬೇರೆ ಮಾಡಿ, ಕೈ ಹಾಕಬೇಡಿ. ಕಚ್ಚಿದರೆ ಹರಿವ ನೀರಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ.

ಹಂಚಿನ ಮೇಲೆ ಓಡಾಡುವ ಬೆಕ್ಕಾದರೆ ಇನ್ನೊಂದು ಸೂಕ್ಷ್ಮ ಇದೆ. ಅದು ಜಗಳವಾಡುವುದಿಲ್ಲ, ಸುಮ್ಮನೆ ಮನೆಗೆ ಬರುವುದನ್ನೇ ಕಮ್ಮಿ ಮಾಡುತ್ತದೆ. ಎರಡು ರಾತ್ರಿ ತಪ್ಪಿಸಿದರೆ ನೀವು ಅವಸರ ಮಾಡಿದ್ದೀರಿ ಅಂತಲೇ ಲೆಕ್ಕ. ಮರಿಯನ್ನು ಮತ್ತೆ ಕೋಣೆಗೆ ಸೇರಿಸಿ, ಹಳೆಯದಕ್ಕೆ ಎಂದಿನ ಹೊತ್ತಿಗೆ, ಎಂದಿನ ಜಾಗದಲ್ಲಿ, ಮರಿಗಿಂತ ಮೊದಲು ಊಟ ಹಾಕಿ. ಪೂರ್ತಿ ಒಂದು ದಿನ ಏನೂ ಮುಟ್ಟದಿದ್ದರೆ ವೈದ್ಯರಿಗೆ ತೋರಿಸಿ; ಉಪವಾಸ ಬಿದ್ದ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ, ದಪ್ಪ ಬೆಕ್ಕಿಗೆ ಇದು ಬೇಗ. ಗಂಡು ಬೆಕ್ಕು ಮೂತ್ರಕ್ಕೆ ತಿಣುಕಿ ಬರಿದೇ ಎದ್ದರೆ ಬೆಳಗಾಗುವವರೆಗೂ ಕಾಯಬೇಡಿ.

ಒಗ್ಗಿದ ಮೇಲೂ ಒಮ್ಮೆ ಎಡವಟ್ಟಾಗುತ್ತದೆ. ಐದಾರು ತಿಂಗಳಿಗೆ ಮರಿಗೆ ಸಂತಾನಹರಣ ಮಾಡಿಸಿ ತಂದಾಗ ಅದರ ಮೈಯೆಲ್ಲ ಆಸ್ಪತ್ರೆಯ ವಾಸನೆ. ನಿನ್ನೆ ನೆಕ್ಕಿ ಮಲಗಿಸಿದ ದೊಡ್ಡ ಬೆಕ್ಕು ಇಂದು ಗುರುತೇ ಸಿಗದೆ ಗುರ್ ಅನ್ನುತ್ತದೆ. ಆ ರಾತ್ರಿ ಮರಿಯನ್ನು ಹಳೇ ಕೋಣೆಯಲ್ಲೇ ಮಲಗಿಸಿ, ಇಬ್ಬರೂ ಮಲಗುತ್ತಿದ್ದ ಬಟ್ಟೆಯಿಂದ ಹೊಲಿಗೆ ಬಿಟ್ಟು ಉಳಿದ ಮೈ ಒರೆಸಿ, ಬೆಳಗ್ಗೆ ಬಾಗಿಲು ತೆಗೆಯಿರಿ.