ಇಂಗ್ಲೆಂಡಿನಲ್ಲಿ ಮನೆ ಮಾರೋ ಮುಂಚೆ: ಬಾಯಿಮಾತಿನ ರೇಟು ನಂಬಬೇಡಿ

ಊರಲ್ಲಿ ಸೈಟು ಮಾರಿದವರಿಗೆ ಇದು ಗೊತ್ತು. ಕ್ರಯಪತ್ರದಲ್ಲಿ ಒಂದು ರೇಟು, ಕೈಗೆ ಬಂದಿದ್ದು ಇನ್ನೊಂದು. ಹಾಗಾಗಿ ನಾವು ಕಾಗದಕ್ಕಿಂತ ಪಕ್ಕದ ಮನೆಯವರ ಮಾತನ್ನೇ ಜಾಸ್ತಿ ನಂಬುತ್ತೇವೆ. ಇಲ್ಲಿ ಅದು ಉಲ್ಟಾ. ಇದು ನನ್ನ ತಲೆಗೆ ಹೋಗಲು ಏಳು ತಿಂಗಳು ಬೇಕಾಯಿತು.

2023ರಲ್ಲಿ ಲಂಡನ್ ಹತ್ತಿರದ ಸ್ಲೌ ಊರಿನ ನಮ್ಮ ಮೂರು ಬೆಡ್‌ರೂಮಿನ ಮನೆ ಮಾರಲು ಹೊರಟೆ. ನಾನು ಮಾಡಿದ ರಿಸರ್ಚ್ ಏನು ಗೊತ್ತಾ? ಯುಗಾದಿ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತು "ನಿಮ್ಮದು ಎಷ್ಟಕ್ಕೆ ಹೋಯ್ತು?" ಅಂತ ಕೇಳಿದ್ದು. ಐದು ಲಕ್ಷ ಪೌಂಡಿನ ಹತ್ತಿರ ಅಂದರು. ಮನೆ ಮಾರಾಟದ ಜಾಹೀರಾತು ಹಾಕುವ ರೈಟ್‌ಮೂವ್ ವೆಬ್‌ಸೈಟ್ ತೆಗೆದರೆ ಅಲ್ಲೂ ಅದೇ ರೇಟು. ಅದು ಮಾರುವವರು ಕೇಳುವ ದುಡ್ಡು, ಕೊಳ್ಳುವವರು ಕೊಟ್ಟ ದುಡ್ಡಲ್ಲ ಅಂತ ಹೊಳೆಯಲೇ ಇಲ್ಲ.

ಮೂರು ಏಜೆಂಟರನ್ನು ಕರೆಸಿದೆ. ಇಬ್ಬರು ನಾಲ್ಕೂವರೆ ಲಕ್ಷ ಪೌಂಡಿನ ಆಸುಪಾಸು ಅಂದರು. ಮೂರನೆಯವನು ನಮ್ಮ ಫಿಲ್ಟರ್ ಕಾಫಿಯನ್ನು ಹೊಗಳಿ, 4,95,000 ಅಂದ. ಯಾರಿಗೆ ಕೊಟ್ಟಿರುತ್ತೇನೆ ಹೇಳಿ! ಸಹಿ ಹಾಕಿದ ಮೇಲೆ ಹದಿನಾರು ವಾರ ಬೇರೆಯವರ ಹತ್ತಿರ ಹೋಗುವಂತಿಲ್ಲ. ಆಮೇಲೆ ಶುರು, ತಿಂಗಳಿಗೊಂದು ಫೋನು: "ಸ್ವಲ್ಪ ಇಳಿಸೋಣ್ವಾ?" ಇಳಿಸಿದಾಗೆಲ್ಲ ಜಾಹೀರಾತಿನ ಮೇಲೆ ತಾರೀಕು ಸಮೇತ 'ರೆಡ್ಯೂಸ್ಡ್' ಅಂತ ಬೀಳುತ್ತೆ. ನೋಡಿದವರಿಗೆ ಮನೆಯಲ್ಲೇನೋ ಐಬಿದೆ ಅನ್ನಿಸದೆ ಇರುತ್ತಾ? ಕೊನೆಗೆ 4,42,000ಕ್ಕೆ ಹೋಯಿತು. ಅಷ್ಟರಲ್ಲಿ ನಾವು ಕಣ್ಣಿಟ್ಟಿದ್ದ ಮನೆ ಬೇರೆಯವರ ಪಾಲಾಗಿತ್ತು.

ಅಷ್ಟೂ ದಿನ ಸರಿಯಾದ ಲೆಕ್ಕ ಪುಕ್ಕಟೆ ಸಿಗುತ್ತಿತ್ತು ಕಣ್ರೀ. ಇಂಗ್ಲೆಂಡ್, ವೇಲ್ಸ್‌ನಲ್ಲಿ 1995ರಿಂದ ಮಾರಾಟವಾದ ಹೆಚ್ಚುಕಡಿಮೆ ಎಲ್ಲ ಮನೆಗಳ ರೇಟು ಲ್ಯಾಂಡ್ ರಿಜಿಸ್ಟ್ರಿಯಲ್ಲಿ, ಅಂದರೆ ಆಸ್ತಿ ನೋಂದಣಿಯ ಸರ್ಕಾರಿ ಇಲಾಖೆಯ ವೆಬ್‌ಸೈಟಿನಲ್ಲಿದೆ. ನಿಮ್ಮ ಪೋಸ್ಟ್‌ಕೋಡ್ ಹಾಕಿ. ಅದೇ ಮನೆಗಳ ಎನರ್ಜಿ ಸರ್ಟಿಫಿಕೇಟನ್ನೂ (ಮನೆಗೆ ಎಷ್ಟು ಇಂಧನ ಬೇಕು ಅಂತ ಹೇಳುವ ಕಾಗದ) ತೆಗೆಯಿರಿ, ಅದರಲ್ಲಿ ಮನೆ ಎಷ್ಟು ಚದರ ಮೀಟರ್ ಅಂತ ಇರುತ್ತೆ. ರೇಟನ್ನು ಅದರಿಂದ ಭಾಗಿಸಿ. ಬೀದಿಯ ನಿಜವಾದ ದರ ಕೈಗೆ ಬರುತ್ತೆ. ಆದರೆ ಮಾರಾಟ ಅಲ್ಲಿ ದಾಖಲಾಗಲು ಕೆಲವು ವಾರ, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ, ಹಾಗಾಗಿ ಅಲ್ಲಿ ಕಾಣೋದು ಸ್ವಲ್ಪ ಹಳೇ ರೇಟು. 2023ರ ಆಗಸ್ಟ್‌ನಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಬಡ್ಡಿ 5.25 ಶೇಕಡಾ ಮುಟ್ಟಿತ್ತು, ಮನೆ ಸಾಲ ದುಬಾರಿಯಾಗಿತ್ತು. ಹಿಂದಿನ ವರ್ಷದ ರೇಟು ಹಿಡಿದು ಕೂತಿದ್ದರೆ ಯಾರು ತಾನೇ ಕೊಳ್ಳುತ್ತಾರೆ?

ಇನ್ನೊಂದು ಪೆದ್ದುತನ. ಬಂದವರಿಗೆಲ್ಲ "ಪೂರ್ವದ ಬಾಗಿಲು" ಅಂತ ಹೆಮ್ಮೆಯಿಂದ ಹೇಳುತ್ತಿದ್ದೆ. ಅವರು ತಲೆಯಾಡಿಸಿ ಸೀದಾ ಹಿತ್ತಲಿಗೆ ಹೋಗುತ್ತಿದ್ದರು. ಇಲ್ಲಿ ಬೆಲೆ ಇರೋದು ದಕ್ಷಿಣಕ್ಕೆ ಮುಖ ಮಾಡಿದ ಹಿತ್ತಲಿಗೆ, ಬಿಸಿಲಿಗೆ. ಆಮೇಲೆ ಸ್ಕೂಲು. ಪರೀಕ್ಷೆ ಪಾಸಾದ ಮಕ್ಕಳನ್ನಷ್ಟೇ ಸೇರಿಸಿಕೊಳ್ಳುವ ಸರ್ಕಾರಿ ಗ್ರಾಮರ್ ಸ್ಕೂಲಿನ ಆಸೆಗೆ ಸ್ಲೌಗೆ ಬರುವ ನಮ್ಮವರೇ ಎಷ್ಟು ಜನ ಇದ್ದಾರೆ, ಅಲ್ವಾ? ನಾನೂ ಹಾಗೇ ಬಂದವನು.

ಕಾಗದಪತ್ರ ಸಾಲಿಸಿಟರ್, ಅಂದರೆ ವಕೀಲರು, ನೋಡಿಕೊಳ್ಳುತ್ತಾರೆ. ಎನರ್ಜಿ ಸರ್ಟಿಫಿಕೇಟಿಗೆ ಹತ್ತು ವರ್ಷ ಆಯಸ್ಸು, ಮುಗಿದಿದೆಯಾ ನೋಡಿಕೊಳ್ಳಿ. ಸ್ಕಾಟ್ಲೆಂಡಿನ ಪದ್ಧತಿಯೇ ಬೇರೆ.

ಲೆಕ್ಕಕ್ಕೆ ಸಿಗದಿದ್ದೂ ಇದೆ. ಮೆಟ್ಟಿಲ ಕೆಳಗಿನ ಗೂಡನ್ನು ನಾವು ದೇವರ ಮನೆ ಮಾಡಿಕೊಂಡಿದ್ದೆವು. ಏಜೆಂಟ್ ತನ್ನ ನಕ್ಷೆಯಲ್ಲಿ ಅದಕ್ಕೆ 'ಸ್ಟೋರೇಜ್' ಅಂತ ಬರೆದ. ಹೆಂಡತಿ ಎರಡು ದಿನ ಮಾತಾಡಲಿಲ್ಲ. ನನಗೆ ಮನೆ ಅಂದರೆ ಇವತ್ತಿಗೂ ತಿಪಟೂರು. ಮಗಳಿಗೆ ಮನೆ ಅಂದರೆ ಸ್ಲೌನ ಆ ಮನೆಯೇ ಆಗಿತ್ತು, ಅದನ್ನು ನಾನು ಚದರ ಮೀಟರಿನಲ್ಲಿ ಅಳೆಯುತ್ತಾ ಕೂತಿದ್ದೆ.

ಮೊನ್ನೆ ಆ ಮನೆ ಮತ್ತೆ ಮಾರಾಟಕ್ಕೆ ಬಂದಿತ್ತು. ರೇಟು ನೋಡಲು ತೆಗೆದೆ. ಮಗಳು ಫೋನು ಕಿತ್ತುಕೊಂಡು ಒಂದೊಂದೇ ಫೋಟೋ ದೊಡ್ಡದು ಮಾಡಿ ನೋಡಿದಳು. ಮೆಟ್ಟಿಲ ಕೆಳಗೆ ಈಗ ವ್ಯಾಕ್ಯೂಮ್ ಕ್ಲೀನರ್ ಇದೆ. "ಅಪ್ಪಾ, ಕುಂಕುಮದ ಕಲೆ ಇನ್ನೂ ಹೋಗಿಲ್ಲ" ಅಂದಳು.