ಡ್ರ್ಯಾಗನ್ ಡಿಫೆನ್ಸ್: ಎಚ್ ಸಾಲಿನ ಸೋಲು ನಿಂತದ್ದು ಹೀಗೆ

ಚೆಸ್‌ನಲ್ಲಿ ಕಪ್ಪು ಕಾಯಿಯಲ್ಲಿ ಸಿಸಿಲಿಯನ್ ಡ್ರ್ಯಾಗನ್ ಎಂಬ ಆರಂಭ ಆಡಿದಾಗಲೆಲ್ಲ ಒಂದೇ ಥರದ ಸೋಲು. ಬೋರ್ಡಿನ ಅಂಚಿನ ಎಚ್ ಸಾಲಿನಲ್ಲಿ ಬಿಳಿ ಕಾಲಾಳು ಎಚ್4, ಎಚ್5 ಅಂತ ನುಗ್ಗುತ್ತದೆ, ಸಾಲು ತೆರೆಯುತ್ತದೆ, 25 ನಡೆಯೊಳಗೆ ಚೆಕ್‌ಮೇಟ್.

20 ನಡೆ ಬಾಯಿಪಾಠ ಮಾಡಿದೆ. ಎದುರಾಳಿ ಒಂದು ನಡೆ ಬದಲಿಸಿದರೆ ಅದು ಉಪಯೋಗಕ್ಕೆ ಬರಲಿಲ್ಲ. ಬ್ಲಿಟ್ಜ್ (ಕೆಲವೇ ನಿಮಿಷದ ಆಟ) ಜಾಸ್ತಿ ಆಡಿದೆ, ಅದೇ ತಪ್ಪು ಗಟ್ಟಿಯಾಯಿತು.

ಸರಿಹೋದದ್ದು ಸೋಲ್ಟಿಸ್ ಎಂಬ ನಡೆಗಳ ಕ್ರಮದಿಂದ. ಬಿಳಿಯದು ಯುಗೋಸ್ಲಾವ್ ದಾಳಿ: ಒಂಟೆ ಇ3, ಕಾಲಾಳು ಎಫ್3, ಮಂತ್ರಿ ಡಿ2, ಒಂಟೆ ಸಿ4, ಉದ್ದ ಕ್ಯಾಸ್ಲಿಂಗ್ (ರಾಜನನ್ನು ಮಂತ್ರಿಯ ಬದಿಗೆ ಸರಿಸಿ ಆನೆಯನ್ನು ಪಕ್ಕಕ್ಕೆ ತರುವುದು). ನಾವು ಕ್ಯಾಸ್ಲಿಂಗ್ ಮುಗಿಸಿ ಕುದುರೆ ಸಿ6, ಒಂಟೆ ಡಿ7, ಆನೆ ಸಿ8, ಕುದುರೆ ಇ5. 12ನೇ ನಡೆಯಲ್ಲಿ ಬಿಳಿ ಎಚ್4 ಆಡಿದ ತಕ್ಷಣ ನಾವು ಕಾಲಾಳನ್ನು ಎಚ್5ಕ್ಕೆ. ಬಿಳಿ ಕಾಲಾಳು ಅಲ್ಲೇ ನಿಲ್ಲುತ್ತದೆ. ನಾನು ಇದನ್ನೇ ಬಿಡುತ್ತಿದ್ದೆ.

ಮುಂದೆ ಎರಡು ದಾರಿ. ಬಿಳಿ ಒಂಟೆ ಜಿ5ಕ್ಕೆ ಬಂದರೆ ಆನೆ ಸಿ5ಕ್ಕೆ. ಎಚ್6ಕ್ಕೆ ಬಂದರೆ ಒಂಟೆಯಿಂದ ಹೊಡೆಯಿರಿ. ಬಿಳಿ ಮಂತ್ರಿ ತಿರುಗಿ ಹೊಡೆದಾಗ ಆನೆಯಿಂದ ಸಿ3ರ ಕುದುರೆಯನ್ನು ಹೊಡೆದು, ನಿಮ್ಮ ಮಂತ್ರಿಯನ್ನು ಎ5ಕ್ಕೆ ತನ್ನಿ. ಆನೆ ಹೋದರೂ ಪರವಾಗಿಲ್ಲ, ಬಿಳಿ ರಾಜನ ಮುಂದಿನ ಗೋಡೆ ಒಡೆದಿರುತ್ತದೆ.

ಈ 12ನೇ ನಡೆಯ ಸ್ಥಿತಿಯನ್ನೇ ಕಂಪ್ಯೂಟರಿನಲ್ಲಿ ಜೋಡಿಸಿ, ಅಲ್ಲಿಂದಲೇ ದಿನಾ ಆಡಿದೆ. ಬಿಳಿ 9ನೇ ನಡೆಯಲ್ಲೇ ಉದ್ದ ಕ್ಯಾಸ್ಲಿಂಗ್ ಮಾಡಿದರೆ ಮಾತ್ರ ಈ ಕ್ರಮ ಬೇಡ, ನೇರ ಕಾಲಾಳು ಡಿ5 ಆಡಿ.